ಮೀಸೆ ಕಳೆದುಕೊಂಡ ಮೇಷ್ಟ್ರಿಂದ ಹಾಜರಾತಿ ಯಂತ್ರಕ್ಕೆ

ಮುಂದೆ ಚಾಪೆ ಹಾಸಿ ಕುಳಿತ ತಾಯಂದಿರೇ, ಹಿಂದೆ ಸೈಕಲ್ಲಿಗೆ ಒರಗಿ ನಿಂತ ತಂದೆಯರೇ, ಕಾಂಪೌಂಡಿನ ಮೇಲೆ ಕಾಲು ಇಳಿಬಿಟ್ಟು ಕುಳಿತ ನನ್ನ ಹಳೆಯ ಶಿಷ್ಯರೇ, ಒಂದು ಗಳಿಗೆ ಗದ್ದಲ ನಿಲ್ಲಿಸಿ ಇತ್ತ ಕಿವಿಗೊಡಿ! ಇಂದು ಇಲ್ಲಿ ಪರದೆ ಏಳುವುದಿಲ್ಲ, ಕತ್ತಿ ಝಳಪಿಸುವುದಿಲ್ಲ, ಯಾರೂ ಯಾರನ್ನೂ ಕೊಲ್ಲುವುದಿಲ್ಲ. ನಮ್ಮ ಶಾಲೆಯ ಗೋಡೆಯ ಮೇಲೆ ವಿರಾಜಮಾನರಾಗಿರುವ ಮಹಾನುಭಾವರೊಬ್ಬರಿಗೆ ನಾನು ಬರೆದ ಪತ್ರವನ್ನು ತಮ್ಮೆಲ್ಲರ ಸಮಕ್ಷಮದಲ್ಲಿ ಓದಲಿದ್ದೇನೆ. ಚಪ್ಪಾಳೆ ಕೊನೆಗಿರಲಿ, ನಗು ಬಂದರೆ ಮಾತ್ರ ತಡೆದುಕೊಳ್ಳಬೇಡಿ.

ಮಾನ್ಯರೇ,

ಮುಖ ನೋಡಿ ಹಾಜರಿ ಹಾಕುವ ಯಂತ್ರ ಮಹಾಶಯರೇ, ಸರಕಾರಿ ಶಾಲೆಯ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ, ಒಂದೇ ಗಂಟಲಿನಲ್ಲಿ ನಡೆಸುತ್ತಿರುವ ಸಹಶಿಕ್ಷಕನಾದ ನಾನು ತಮ್ಮ ಪಾದಗಳಿಗೆ, ತಮಗೆ ಪಾದಗಳಿಲ್ಲದ ಕಾರಣ ತಮ್ಮನ್ನು ಗೋಡೆಗೆ ಹಿಡಿದಿರುವ ನಾಲ್ಕು ಸ್ಕ್ರೂಗಳಿಗೆ, ಸವಿನಯವಾಗಿ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಬಂದಂದಿನಿಂದ ನಮ್ಮ ಶಾಲೆಯ ಕಳೆಯೇ ಬದಲಾಗಿದೆ. ಮೊದಲು ಜಗಲಿಯ ಆ ಗೋಡೆಯ ಮೇಲೆ ಭೂಪಟವಿತ್ತು. ಈಗ ಭೂಪಟ ಬೀರುವಿನ ಹಿಂದಿದೆ, ಮಕ್ಕಳಿಗೆ ಸಮುದ್ರ ತೋರಿಸಬೇಕೆಂದರೆ ಬೀರು ಸರಿಸಬೇಕು. ಆದರೇನಂತೆ, ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಮೇಷ್ಟ್ರು ಓಡಿಹೋಗಬಹುದೆಂಬ ಭಯವಿರುವಾಗ ತಮಗೇ ಆ ಗೋಡೆ ಸಲ್ಲತಕ್ಕದ್ದು.

ನಮ್ಮ ಪ್ರಥಮ ಭೇಟಿ ತಮಗೆ ನೆನಪಿರಬೇಕು. ಅಂದು ಶಾಲೆಯ ವಾರ್ಷಿಕೋತ್ಸವ. ನಕ್ಕವರಿಗೆಲ್ಲ ಶಿಕ್ಷೆ ಕೊಡುವ ದುಷ್ಟ ಅರಸನ ನಾಟಕ. ಅರಸನಾಗಬೇಕಿದ್ದ ಹುಡುಗನಿಗೆ ಜ್ವರ ಬಂದದ್ದರಿಂದ ಆ ಪಾತ್ರ ನನ್ನ ಪಾಲಿಗೆ ಬಂದು, ನಾನು ಕೆನ್ನೆಯವರೆಗೆ ಹರಡುವ ಮೀಸೆ ಅಂಟಿಸಿ, ಹುಬ್ಬಿಗೆ ಮಸಿ ತೀಡಿ, ಪಕ್ಕದಲ್ಲಿ ರಟ್ಟಿನ ದ್ವಾರಪಾಲಕನನ್ನು ನಿಲ್ಲಿಸಿಕೊಂಡು ಗರ್ಜನೆ ಅಭ್ಯಾಸ ಮಾಡುತ್ತಿದ್ದಾಗ ತಮ್ಮನ್ನು ಹೊತ್ತ ತಂತ್ರಜ್ಞ ಒಳಬಂದ. "ಸಾರ್, ಬೇಗ ಬನ್ನಿ, ಮುಖ ಹಿಡ್ಕೋಬೇಕು" ಎಂದ. "ಮೀಸೆ ಕಿತ್ತು ಬರ್ತೀನಿ ಇರಪ್ಪ" ಎಂದೆ. "ಮೀಸೆ ಇದ್ರೇನು ಸಾರ್, ಇಲ್ದಿದ್ರೇನು? ಮುಖ ಮುಖಾನೇ. ಇನ್ನೂ ಬೇರೆ ಸ್ಕೂಲಿಗೆ ಹೋಗ್ಬೇಕು" ಎಂದು ಅವನು ಗುಂಡಿ ಒತ್ತಿದ, ತಾವು ಮಿಣುಕಿದಿರಿ, ಮುಗಿಯಿತು. ಅದೇ ಮಿಣುಕಿನಲ್ಲಿ ಪಕ್ಕದ ದ್ವಾರಪಾಲಕನನ್ನೂ 'ಹೊಸ ಸಿಬ್ಬಂದಿ, ವಿವರ ಬರಬೇಕಿದೆ' ಎಂದು ದಾಖಲಿಸಿಕೊಂಡ ತಮ್ಮ ಔದಾರ್ಯಕ್ಕೆ ನಾನು ತಲೆಬಾಗುತ್ತೇನೆ.

ಮರುದಿನ ಸ್ನಾನ ಮಾಡಿ, ನನ್ನ ತಾಯಿ ನನಗೆ ಕೊಟ್ಟ ಮುಖವನ್ನೇ ಹೊತ್ತು ತಮ್ಮೆದುರು ನಿಂತೆ. "ಗುರುತು ಸಿಗಲಿಲ್ಲ, ದಯವಿಟ್ಟು ಪಕ್ಕಕ್ಕೆ ಸರಿಯಿರಿ" ಎಂದು ತಾವು ಹೆಣ್ಣು ದನಿಯಲ್ಲಿ ಅಪ್ಪಣೆ ಕೊಡಿಸಿದಿರಿ. ಸರಿದೆ. ಹಿಂದೆ ಗೋಡೆಗೆ ಒರಗಿದ್ದ ರಟ್ಟಿನ ದ್ವಾರಪಾಲಕ ಕಾಣಿಸಿದ್ದೇ ತಡ, "ಶುಭೋದಯ, ಹಾಜರಿ ದಾಖಲಾಗಿದೆ" ಎಂದಿರಿ. ನಮ್ಮ ಹೆಡ್‌ಮಿಸ್ ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿ, "ಸಾರ್, ನಿಮಗಿಂತ ಅವನೇ ಮೇಷ್ಟ್ರ ಥರ ಕಾಣ್ತಾನೆ ಬಿಡಿ, ಒಂದು ಮಾತೂ ಎದುರಾಡಲ್ಲ" ಎಂದರು.

ಮೇಲಿನ ಕಚೇರಿಗೆ ಫೋನು ಮಾಡಿದೆ. "ಮುಖ ಬದಲಾಯಿಸೋದು ನಮ್ಮ ಕೈಲಿಲ್ಲ ಮೇಷ್ಟ್ರೇ, ಯಂತ್ರದಲ್ಲೇ ಅರ್ಜಿ ಹಾಕಿ" ಎಂದರು ಗುಮಾಸ್ತರು. "ಅರ್ಜಿ ಹಾಕೋಕೆ ಹೋದ್ರೆ ಮೊದಲು ಮುಖ ತೋರಿಸು ಅಂತದಲ್ಲ ಸ್ವಾಮಿ?" "ತೋರಿಸಿ ಮತ್ತೆ!" "ಯಾವ ಮುಖ?" "ಅದನ್ನ ನೀವೇ ನೋಡ್ಕೋಬೇಕು" ಎಂದು ಫೋನು ಇಟ್ಟರು. ನಾನು ನೋಡಿಕೊಂಡೆ. ಟ್ರಂಕಿನಿಂದ ಮೀಸೆ ತೆಗೆದೆ, ಗೋಂದು ಬಳಿದೆ, ಹುಬ್ಬು ತೀಡಿದೆ, ತಮ್ಮೆದುರು ನಿಂತು "ಯಾರಲ್ಲಿ!" ಎಂದು ಗರ್ಜಿಸಿದೆ. ತಾವು ಹಸಿರಾದಿರಿ. ಗರ್ಜಿಸದೆ ಸುಮ್ಮನೆ ನಿಂತರೆ ಕೆಂಪಾಗುತ್ತಿದ್ದಿರಿ. ಸಿಟ್ಟಿಲ್ಲದ ಮೇಷ್ಟ್ರು ತಮಗೂ ನಂಬಿಕೆಗೆ ಅರ್ಹನಲ್ಲ.

ಅಂದಿನಿಂದ ದಿನವೂ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ರಾಜದರ್ಬಾರು. ಮಹಾಶಯರೇ, ಇಲ್ಲಿ ಮಾತ್ರ ನಾನು ಅಣಕವಾಡದೆ ತಮ್ಮ ಋಣ ಒಪ್ಪಿಕೊಳ್ಳಲೇಬೇಕು. ಗಂಟೆ ಹೊಡೆದ ಮೇಲೆ ಕಣ್ಣುಜ್ಜಿಕೊಂಡು ಬರುತ್ತಿದ್ದ ಮಕ್ಕಳು ಗಂಟೆಗೆ ಮೊದಲೇ ಬಂದು ಸಾಲಾಗಿ ಕೂರತೊಡಗಿದರು. ಶಾಲೆ ಎಂದರೆ ಮಂಚದ ಕೆಳಗೆ ನುಸುಳುತ್ತಿದ್ದ ಒಂದನೆಯ ತರಗತಿಯ 'ಗುಬ್ಬಿ', ಇಸ್ತ್ರಿ ಅಂಗಡಿಯ ಅಜ್ಜಿಯ ಮೊಮ್ಮಗಳು, ಈಗ ಅಜ್ಜಿಯನ್ನೇ ಎಳೆದುಕೊಂಡು ಬರುತ್ತಾಳೆ. ನಾನು "ಯಾರಲ್ಲಿ!" ಎಂದರೆ ಅವಳು ತನ್ನ ಹಲ್ಲಿಲ್ಲದ ಬಾಯಿ ತುಂಬ "ನಾನಿಲ್ಲಿ!" ಎಂದು ಕೂಗುತ್ತಾಳೆ. ಆ ಎರಡು ಪದಗಳನ್ನೇ ಹಲಗೆಯ ಮೇಲೆ ಬರೆದು ಅವಳಿಗೆ ಓದು ಹಚ್ಚಿದೆ. ಈಗ ಅವಳು ಅಂಗಡಿಯ ಬೋರ್ಡು, ಬಸ್ಸಿನ ಹಣೆ, ಇಸ್ತ್ರಿಗೆ ಬಂದ ಅಂಗಿಯ ಕಾಲರಿನ ಚೀಟಿ ಒಂದನ್ನೂ ಬಿಡುವುದಿಲ್ಲ.

ಆದರೆ ನಾಟಕಕ್ಕೆ ಮೂರನೆಯ ಅಂಕ ಬೇಡವೇ? ಬಂತು. ಪಾಠದ ನಡುವೆ ಮನೆಗಣತಿಯ ಆದೇಶ ಬಂದು, ಮೀಸೆ ಕೀಳಲೂ ಬಿಡುವಿಲ್ಲದೆ ಬೀದಿಗಿಳಿದೆ. ಮೊದಲ ಮನೆಯಾಕೆ ಬಾಗಿಲು ಅರ್ಧ ತೆರೆದು, "ನಾಟಕದೋರಿಗೆ ಮೊನ್ನೆ ತಾನೇ ಕೊಟ್ವಲ್ಲಪ್ಪ, ಮುಂದೆ ಹೋಗು" ಎಂದರು. "ತಾಯಿ, ನಾನು ನಿಮ್ಮ ಮಗನ ಮೇಷ್ಟ್ರು" ಎಂದೆ. "ಮೇಷ್ಟ್ರಾದ್ರೆ ಸ್ಕೂಲಲ್ಲಿ ಇರ್ತಿದ್ರು ಬಿಡಪ್ಪ" ಎಂದರು. ಇಡೀ ಇಲಾಖೆಯಲ್ಲಿ ಯಾರಿಗೂ ಹೊಳೆಯದ ಈ ಸತ್ಯವನ್ನು ಆಕೆ ಬಾಗಿಲಿಗೆ ಚಿಲಕ ಹಾಕುತ್ತ ಹೇಳಿ ಮುಗಿಸಿದರು. ಅವರ ಮನೆಯ ನಾಯಿಗೆ ಮಾತಿನಲ್ಲಿ ಆಸಕ್ತಿ ಇರಲಿಲ್ಲ. ಅದು ಹಾರಿ ಬಂದು, ನನ್ನ ಬಲಗಡೆಯ ಮೀಸೆಯನ್ನು ಕಚ್ಚಿಕೊಂಡು, ಸಂದಿಯಲ್ಲಿ ಮಾಯವಾಯಿತು.

ಅರ್ಧ ಮೀಸೆಯ ನನ್ನನ್ನು ತಾವು ಅಂದಿನಿಂದ ಒಪ್ಪುತ್ತಿಲ್ಲ. ಕಪ್ಪು ಕಾಗದ ಕತ್ತರಿಸಿ ಅಂಟಿಸಿದೆ, ಒಪ್ಪಲಿಲ್ಲ. ಹೆಡ್‌ಮಿಸ್ ತಮ್ಮ ಜಡೆಯ ಚೌರಿಯನ್ನೇ ದಾನ ಮಾಡಿದರು, ಅದನ್ನೂ ಒಪ್ಪಲಿಲ್ಲ. ಒಂದು ವಾರ ಸತತವಾಗಿ ಗೈರಾದವನ ಹುದ್ದೆ ಖಾಲಿ ಎಂದು ಘೋಷಿಸಲಾಗುವುದೆಂದು ಆದೇಶ ಬಂದಿದೆ. ನಾಳೆಗೆ ವಾರ ತುಂಬುತ್ತದೆ. ನನ್ನ ಹುದ್ದೆ ಹೋದರೆ ಇದು ಒಬ್ಬರೇ ಶಿಕ್ಷಕರ ಶಾಲೆ. ಒಬ್ಬರೇ ಶಿಕ್ಷಕರ ಶಾಲೆಯನ್ನು ಹೆದ್ದಾರಿಯ ಆಚೆಗಿನ ಶಾಲೆಗೆ ಸೇರಿಸಿ ಇಲ್ಲಿಗೆ ಬೀಗ ಹಾಕುತ್ತಾರೆ. ಆ ಹೆದ್ದಾರಿಯಲ್ಲಿ ಲಾರಿಗಳು ಗುಬ್ಬಿಯ ಎತ್ತರದ ಚಕ್ರಗಳನ್ನು ಉರುಳಿಸಿಕೊಂಡು ಹೋಗುತ್ತವೆ. ಇಸ್ತ್ರಿ ಅಂಗಡಿಯ ಅಜ್ಜಿ ಇಂದು ಬೆಳಿಗ್ಗೆ ನನ್ನನ್ನು ತಡೆದು, "ಮೇಷ್ಟ್ರೇ, ನಿಮ್ಮ ಮೀಸೆ ನಿಮ್ದಲ್ಲ, ನಮ್ ಮಕ್ಕಳದ್ದು. ಗಟ್ಟಿಯಾಗಿ ಅಂಟಿಸ್ಕೋಬಾರ್ದಿತ್ತಾ?" ಎಂದು ಗದರಿದರು. ಗದರಿದ ಮೇಲೆ ನನ್ನ ಅಂಗಿಗೆ ಪುಕ್ಕಟೆ ಇಸ್ತ್ರಿ ಹಾಕಿಕೊಟ್ಟು, "ನಾಳೆ ಆ ಡಬ್ಬದ ಮುಂದೆ ನೀಟಾಗಿ ನಿಂತ್ಕೊಳ್ಳಿ" ಎಂದರು.

ಹೆಡ್‌ಮಿಸ್ ಹೋಗಿ ಮೇಲಿನ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಹಟ ಹಿಡಿದ ಫಲವಾಗಿ ನಾಳೆ ಅದೇ ತಂತ್ರಜ್ಞ ನನ್ನ ಮುಖವನ್ನು ಹೊಸದಾಗಿ ಹಿಡಿಯಲು ಬರುತ್ತಿದ್ದಾನೆ. ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಕೆಲವೇ. ಇಷ್ಟೊಂದು ಸೂಕ್ಷ್ಮ ದೃಷ್ಟಿಯುಳ್ಳ ತಾವು ಗೋಡೆಯಿಂದಿಳಿದು ಮನೆಗಣತಿಗೂ, ದನಗಣತಿಗೂ, ಶೌಚಾಲಯದ ನಲ್ಲಿಯ ಫೋಟೋ ಕಳಿಸುವುದಕ್ಕೂ ತಾವೇ ಹೋಗಿಬರಬೇಕು. ನಾಯಿಗಳು ತಮ್ಮ ಮೀಸೆಗೆ ಹಾರಲಾರವು. ಪಾಠಕ್ಕೆ ಸಮಯ ಹೊಂದಿಸಿಕೊಳ್ಳುವುದು ಹೇಗೆಂದು ಕಲಿಸಲು, ಪಾಠ ನಿಲ್ಲಿಸಿ ನನ್ನನ್ನು ಕರೆಸುವ ತರಬೇತಿ ಶಿಬಿರಗಳಲ್ಲಿ ತಾವೇ ನನ್ನ ಪರವಾಗಿ ಕುಳಿತು ಚಹಾ ಕುಡಿಯಬೇಕು. ಅದಾಗದಿದ್ದರೆ ಎಣಿಕೆಯ ಕೆಲಸಕ್ಕೆ ಒಬ್ಬ ಗುಮಾಸ್ತನನ್ನೂ, ಮೂರು ತರಗತಿಗೆ ಇನ್ನೊಬ್ಬ ಮೇಷ್ಟ್ರನ್ನೂ, ಕೋಣೆಯ ನಡುವೆ ಒಂದು ಗೋಡೆಯನ್ನೂ ಮೇಲಿನವರಿಂದ ಕೊಡಿಸಬೇಕು. ಅದೂ ಆಗದಿದ್ದರೆ, ಕೊನೆಯ ಪಕ್ಷ ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನನ್ನು ಕೋಣೆಯೊಳಗೇ ಇರಲು ಬಿಡಬೇಕು. ಮೇಷ್ಟ್ರು ಎಲ್ಲಿದ್ದಾನೆಂದು ಹುಡುಕುವ ಯಂತ್ರವೇ ಆಗ ಬೇಕಾಗದು.

ಇನ್ನು ನಾಳೆ ಹಿಡಿಯುವ ಮುಖದ ಮಾತು. ಜಗಲಿಯಲ್ಲಿ ನಾನು ನಿಲ್ಲುವುದಿಲ್ಲ. ತಂತ್ರಜ್ಞ ಬಂದೊಡನೆ ತಮ್ಮನ್ನು ಗೋಡೆಯಿಂದ ಬಿಚ್ಚಿಸಿ, ಒಳಗೆ ಗುಬ್ಬಿಯ ಪಕ್ಕದ ಮಣೆಯ ಮೇಲೆ ಕೂರಿಸಿ, ಪಾಠ ಮಾಡುತ್ತಿರುವ ನನ್ನನ್ನು ಅಲ್ಲಿಂದಲೇ ನೋಡಿಸುತ್ತೇನೆ. ಹುಬ್ಬಿನ ಮೇಲೆ ಸೀಮೆಸುಣ್ಣದ ಪುಡಿ ಇರುತ್ತದೆ, ಒಂದು ಮಗು ತೋಳು ಜಗ್ಗುತ್ತಿರುತ್ತದೆ, ಬಾಯಿ ತೆರೆದಿರುತ್ತದೆ. ಅದೇ ನನ್ನ ಮುಖ. ಅದಕ್ಕೂ ಮೊದಲು ಎಲ್ಲ ಮಕ್ಕಳಂತೆ ತಮ್ಮ ಹೆಸರನ್ನೂ ಕೂಗುತ್ತೇನೆ. ಗಟ್ಟಿಯಾಗಿ "ನಾನಿಲ್ಲಿ" ಎನ್ನಿ. ಹೇಳಲು ಬಾರದಿದ್ದರೆ ನಾಚಿಕೆ ಬೇಡ, ಗುಬ್ಬಿ ಹೇಳಿಕೊಡುತ್ತಾಳೆ.

ತಮ್ಮ ವಿಶ್ವಾಸಿ,
ತಮಗೆ ಇನ್ನೂ ಗುರುತು ಸಿಗದ
ಮೇಷ್ಟ್ರು

ಮರೆತ ಮಾತು: ಒಂದು ದಿನವೂ ತಪ್ಪದೆ ಹಾಜರಾದ, ರಜೆ ಕೇಳದ, ಕೊರತೆ ಹೇಳದ ನಮ್ಮ 'ಹೊಸ ಸಿಬ್ಬಂದಿ'ಯನ್ನು ಈ ಬಾರಿಯ ಆದರ್ಶ ಶಿಕ್ಷಕ ಪ್ರಶಸ್ತಿಗೆ ಆರಿಸಿರುವುದಾಗಿ ಈಗಷ್ಟೇ ಕಚೇರಿಯಿಂದ ತಿಳಿದುಬಂತು. ಅಭಿನಂದನೆಗಳು. ರಟ್ಟಿಗೆ ಗೆದ್ದಲು ಹತ್ತದಂತೆ ನೋಡಿಕೊಳ್ಳುತ್ತೇನೆ. ನಾಳೆ ಬೆಳಿಗ್ಗೆ ತಂತ್ರಜ್ಞ ಬರುವ ತನಕ ತಮ್ಮೆದುರು ಅವನನ್ನೇ ನಿಲ್ಲಿಸಿರುತ್ತೇನೆ. ಇಬ್ಬರೂ ಒಬ್ಬರನ್ನೊಬ್ಬರು ಕಣ್ತುಂಬ ನೋಡಿಕೊಂಡಿರಿ. ನಾನು ಒಳಗೆ ಪಾಠ ಮಾಡುತ್ತಿರುತ್ತೇನೆ.