ಸ್ಕೂಟರಿಗೊಂದು ನೆರಳು

ಬೆಳಗಿನ ತಿಂಡಿ ತಿನ್ನುತ್ತ ಕಿಟಕಿಯಾಚೆ ನೋಡಿದ ಲೈಬ್ರರಿಯನ್, ತುತ್ತು ನುಂಗುವುದನ್ನೇ ಮರೆತರು. ಮರೆವು ಅವರಿಗೆ ಹೊಸದಲ್ಲ. ಊರವರ ಪುಸ್ತಕಗಳಿಗೆಲ್ಲ ಹಿಂತಿರುಗಿಸುವ ತಾರೀಕಿನ ಮುದ್ರೆ ಒತ್ತುವ ಮನುಷ್ಯ, ಸ್ವಂತ ಕೊಡೆಯನ್ನು ವರ್ಷಕ್ಕೆ ಮೂರು ಸಲ ಕಳೆದುಕೊಳ್ಳುತ್ತಿದ್ದರು. ಈ ಸಲ ಮರೆತದ್ದು ಬಾಡಿಗೆ ಮನೆಯ ಒಡತಿ ಟೀಚರಮ್ಮನ ಹುಲ್ಲುಹಾಸನ್ನು.

ಅಕ್ಕನ ಮನೆಗೆ ಹೊರಡುವಾಗ ಟೀಚರಮ್ಮ ಹೇಳಿದ್ದರು: "ಹದಿನೈದು ದಿನ ಈ ಹುಲ್ಲು ನಿಮ್ಮ ಕೈಲಿ. ನಿಮ್ಮ ಸ್ಕೂಟರಿನ ವಿಷಯ ಬಂದ್ಮೇಲೆ ನೋಡೋಣ." ಅಂಗಳದಲ್ಲಿ ಸ್ಕೂಟರಿಗೊಂದು ತಗಡಿನ ಚಪ್ಪರ ಬೇಕೆಂದು ಲೈಬ್ರರಿಯನ್ ಒಂದು ವರ್ಷದಿಂದ ಬೇಡುತ್ತಿದ್ದರು. ಬೇಸಿಗೆಯ ಮಧ್ಯಾಹ್ನ ಅದರ ಸೀಟಿನ ಮೇಲೆ ಕೂರುವುದೆಂದರೆ ಕಾದ ಹೆಂಚಿನ ಮೇಲೆ ಕೂತಂತೆ.

ಈಗ ಹುಲ್ಲು ತೆಂಗಿನ ನಾರಿನ ಕಾಲೊರಸಿನ ಹಾಗಿತ್ತು.

"ಟೀಚರಮ್ಮ ಸಾಯಂಕಾಲ ಆರಕ್ಕೆ ಬರ್ತಾರಂತೆ," ಎಂದರು ತವರಿನಿಂದ ಹಿಂದಿನ ದಿನವಷ್ಟೇ ಮರಳಿದ್ದ ಹೆಂಡತಿ. "ನೀರು ಹಾಕ್ತಿದ್ರಿ ತಾನೆ?"

"ಹಾಕ್ಬೇಕು ಅಂತಾನೇ ಇದ್ದೆ."

"ಹದಿನೈದು ದಿನಾನೂ?"

ಲೈಬ್ರರಿಯನ್ ಪೈಪು ಹಿಡಿದು ಓಡಿದರು. ಪಕ್ಕದ ಮನೆಯ ಟೈಲರ್ ಗೋಡೆಯ ಮೇಲಿಂದ ಇಣುಕಿದ. "ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕ್ತಿದ್ದೀರಲ್ಲ ಸಾರ್! ಬುಡಕ್ಕೆ ಕತ್ತರಿಸಿ. ತಲೆ ಬೋಳಿಸಿದ್ರೆ ಕೂದಲು ದಟ್ಟವಾಗಿ ಬರಲ್ವಾ?"

"ಆರು ಗಂಟೆಯೊಳಗೆ ಬರುತ್ತಾ?"

ಟೈಲರ್ ಗೋಡೆ ಹಾರಿ ಬಂದ. ಇಬ್ಬರೂ ಸೇರಿ ಬೋಳಿಸಿದರು. ಕಂದು ಮಣ್ಣು ಹಲ್ಲು ಕಿರಿಯಿತು.

ಎದುರು ಮನೆಯ ಕಾಂಪೌಂಡರ್ ಬಂದು ಬಗ್ಗಿ ಪರೀಕ್ಷಿಸಿದರು. "ನಿತ್ರಾಣ. ಡಬಲ್ ಡೋಸ್ ಕೊಡ್ಬೇಕು," ಎಂದು ಮನೆಯಿಂದ ಯೂರಿಯಾ ತಂದು ಸುರಿದರು. ಹನ್ನೊಂದರ ಹೊತ್ತಿಗೆ, ಅಲ್ಲಲ್ಲಿ ಉಸಿರಾಡುತ್ತಿದ್ದ ನಾಲ್ಕು ಹಸಿರು ಎಳೆಗಳೂ ಕಣ್ಣು ಮುಚ್ಚಿದವು.

"ಔಷಧಿ ಸರಿಯಾಗೇ ಇತ್ತು," ಎಂದರು ಕಾಂಪೌಂಡರ್. "ರೋಗಿ ವೀಕು."

ಕೊನೆಗೆ ದಾರಿ ಹೇಳಿದ್ದು ಹೆಂಡತಿ. ತಿರುವಿನ ನರ್ಸರಿಯಲ್ಲಿ ಬೆಳೆದ ಹುಲ್ಲನ್ನೇ ಮಣ್ಣಿನ ಸಮೇತ ಚಾಪೆಯಂತೆ ಸುತ್ತಿ ಮಾರುತ್ತಿದ್ದರು. ಲೈಬ್ರರಿಯನ್ ರಜೆ ಹಾಕಿ, ಸ್ಕೂಟರಿನಲ್ಲಿ ಏಳು ಸಲ ಹೋಗಿ ಬಂದರು. ಉರಿಬಿಸಿಲಲ್ಲಿ ಕಾಂಪೌಂಡರ್ ಹಳೆಯ ಬೇರು ಅಗೆದರು. ಟೈಲರ್ ಅಂಗಡಿ ಮುಚ್ಚಿ ಬಂದು, ಟೇಪು ಹಿಡಿದು ಅಳತೆ ತೆಗೆದ. ಸ್ವಂತ ಹೆಂಡತಿಗೂ ಮುಟ್ಟಲು ಕೊಡದ ಕತ್ತರಿಯಿಂದ ಹುಲ್ಲಿನ ಅಂಚು ಕತ್ತರಿಸಿ, ತೇಪೆ ಕಾಣದಂತೆ ಕೂರಿಸಿದ. ಯಾರೂ ಅವನನ್ನು ಕರೆದಿರಲಿಲ್ಲ.

ಆರು ಗಂಟೆಗೆ ಆಟೋ ನಿಂತಿತು. ಟೀಚರಮ್ಮ ಗೇಟು ತೆರೆದವರು ಅಲ್ಲೇ ನಿಂತುಬಿಟ್ಟರು. ಆಮೇಲೆ ಚಪ್ಪಲಿ ಕಳಚಿ ಹುಲ್ಲಿನ ಮೇಲೆ ಮೆಲ್ಲಗೆ ನಡೆದರು. ಲೈಬ್ರರಿಯನ್‌ಗೆ ಹೋದ ಜೀವ ಬಂದಂತಾಯಿತು.

"ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದರು ಟೀಚರಮ್ಮ. "ಇದು ನಮ್ಮ ಯಜಮಾನರು ನೆಟ್ಟಿದ್ದು. ನಾನಾಗಿ ಕೀಳೋಕೆ ಮನಸ್ಸು ಬರ್ಲಿಲ್ಲ. ನಿಮ್ಮ ಕೈಗೆ ಕೊಟ್ರೆ ನೀವು ಖಂಡಿತ ಮರೀತೀರಿ, ಅದು ತಾನಾಗೇ ಒಣಗುತ್ತೆ, ಆ ಜಾಗದಲ್ಲೇ ನಿಮ್ಮ ಚಪ್ಪರ ಹಾಕಿಸೋಣ ಅಂದ್ಕೊಂಡಿದ್ದೆ. ನಾಳೆ ಬನ್ನಿ ಅಂತ ಕೆಲಸದವ್ರಿಗೂ ಹೇಳಿದ್ದೆ."

ಟೈಲರ್ ಕತ್ತರಿಯನ್ನು ಬೆನ್ನ ಹಿಂದೆ ಅಡಗಿಸಿದ.

"ಆದ್ರೆ ನೋಡಿ, ಅವರು ಇದ್ದಾಗ್ಲೂ ಇಷ್ಟು ಹಸಿರಾಗಿರ್ಲಿಲ್ಲ. ಇನ್ನು ಇದನ್ನ ಕೀಳೋಕಾಗುತ್ತಾ? ಕೆಲಸದವ್ರಿಗೆ ಬೇಡ ಅಂದ್ಬಿಡ್ತೀನಿ. ಇನ್ಮೇಲೆ ದಿನಾ ನೀವೇ ನೀರು ಹಾಕಿ. ನಿಮಗೆ ಮರೆವು ಅಂತ ಜನ ಸುಮ್ಮನೆ ಆಡ್ಕೋತಾರೆ!"

ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾಳೆಯೇ ಚಪ್ಪರ ಏಳುತ್ತಿತ್ತು. ಲೈಬ್ರರಿಯನ್ ಬಾಯಿ ತೆರೆದರು. ಹುಲ್ಲಿನಲ್ಲಿ ಹುದುಗಿದ್ದ ಆ ಮುದಿ ಪಾದಗಳನ್ನು ನೋಡಿದರು. ನಾಲಿಗೆಯ ತುದಿಗೆ ಬಂದಿದ್ದ ಮಾತನ್ನು, ಜೀವನದಲ್ಲಿ ಮೊದಲ ಸಲ, ಬೇಕೆಂದೇ ಮರೆತರು.