ಜಾಗ ಅವರದು, ಸ್ನೋ ನಮ್ಮದು

ನಮ್ಮ ಕಾಕಾ ಈ ಕೆನಡಾದಲ್ಲಿ ಯಾರ ಜೊತೆಗಾದರೂ ಮನಸ್ಸು ಬಿಚ್ಚಿ ಜಗಳವಾಡಿದ್ದಾರೆ ಎಂದರೆ ಅದು ತಮ್ಮ ಮನೆ ಮುಂದಿನ ಫುಟ್‌ಪಾತಿನ ಜೊತೆ ಮಾತ್ರ! ಕಾಕುವಿನ ಜೊತೆಗೂ ಅಷ್ಟು ಆಡಿದವರಲ್ಲ. ಫುಟ್‌ಪಾತು ಎದುರು ಮಾತಾಡುವುದಿಲ್ಲ, ಕಾಕು ಮಾತಾಡುತ್ತಾರೆ ಎಂಬುದು ಇದಕ್ಕೆ ಕಾರಣವಿದ್ದೀತು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಧಾರವಾಡದವರು; ಕಾಕು ಅವರ ಹೆಂಡತಿ. ಒಶಾವಾದಲ್ಲಿ ಕಾರಿನ ಬಿಡಿಭಾಗಗಳ ಫ್ಯಾಕ್ಟರಿಯೊಂದರಲ್ಲಿ ದುಡಿದು, ಅಲ್ಲೇ ಮನೆ ಮಾಡಿ, ಅಲ್ಲೇ ನಿವೃತ್ತರಾದವರು. ಮನೆ ಎಂಥದ್ದು? ಮೂಲೆಮನೆ! "ಎರಡು ಕಡೆಯಿಂದ ಬೆಳಕು ಬರುತ್ತದೆ" ಎಂದು ಮನೆ ತೋರಿಸಿದ ಏಜೆಂಟು ಹೊಗಳಿದ್ದನಂತೆ. ಎರಡು ಕಡೆ ಫುಟ್‌ಪಾತೂ ಬರುತ್ತದೆ ಎಂಬುದನ್ನು ಆ ಪುಣ್ಯಾತ್ಮ ಹೇಳಲಿಲ್ಲ. ಅಕ್ಕಪಕ್ಕದವರಿಗೆ ಮನೆ ಮುಂದೆ ಒಂದು ತುಂಡು ಫುಟ್‌ಪಾತಾದರೆ, ಕಾಕಾನಿಗೆ ಮುಂದೊಂದು, ಮಗ್ಗುಲಿಗೆ ಇನ್ನೊಂದು ಉದ್ದನೆಯದು.

ಆ ಊರಿನ ಕಾನೂನು ಹೀಗೆ: ಫುಟ್‌ಪಾತು ಸಿಟಿಯದು, ಎಂದರೆ ನಗರಸಭೆಯದು; ಅದರ ಮೇಲೆ ಬಿದ್ದ ಹಿಮವನ್ನು ತೆಗೆಯುವ ಹೊಣೆ ಮನೆಯವರದು.

"ನೋಡವಾ, ಜಾಗ ಅವರದಂತ, ಸ್ನೋ ನಂದಂತ! ಇದ್ಯಾವ ನ್ಯಾಯ? ನಾಳೆ ಮಳಿ ಬಂದ್ರ ನೀರೂ ನಂದ ಅಂತಾರೇನು?" ಎನ್ನುತ್ತಿದ್ದರು ಕಾಕಾ.

"ಎಲ್ಲಾರೂ ತೆಗೀತಾರಲ್ಲ ಕಾಕಾ" ಎಂದರೆ ಮುಗಿಯಿತು. "ಎಲ್ಲಾರೂ ತೆಗೀತಾರ? ಒಬ್ಬ ಮನಷ್ಯಾ ಹೋಗುವಷ್ಟು ಗೀರಿ ಒಳಗ ಹೋಗ್ತಾರ. ಎದುರಿಗೆ ಕೂಸಿನ ಸ್ಟ್ರೋಲರ್ ಬಂತಂದ್ರ ಏನ್ ಹಾರಬೇಕೇನು?"

ಬೈಯುವುದು ಇಷ್ಟಾದರೂ ತೆಗೆಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅಂಚಿನಿಂದ ಅಂಚಿಗೆ, ಪಟ್ಟಿ ಇಟ್ಟು ಗೆರೆ ಎಳೆದ ಹಾಗೆ. ಅವರು ಮುಗಿಸಿದ ಮೇಲೆ ಅಲ್ಲಿ ರಂಗೋಲಿ ಹಾಕಬಹುದಿತ್ತು! ಅಷ್ಟರಲ್ಲಿ ರಸ್ತೆಯ ಹಿಮ ದೂಡುವ ಸಿಟಿಯ ದೊಡ್ಡ ಗಾಡಿ ಗುಡುಗುತ್ತ ಬಂದು, ದಾರಿಯಲ್ಲಿದ್ದ ಕೆಸರುಹಿಮವನ್ನೆಲ್ಲ ಗುಡ್ಡೆಯಾಗಿ ಕಾಕಾನ ಫುಟ್‌ಪಾತಿನ ಮೇಲೆ ಸುರಿದು ಹೋಗುತ್ತಿತ್ತು. ಕಾಕಾ ಸಲಿಕೆಯನ್ನು ತಲೆಯ ಮೇಲೆತ್ತಿ, ಆ ಡ್ರೈವರನ ವಂಶವನ್ನೆಲ್ಲ ಅಚ್ಚ ಧಾರವಾಡ ಕನ್ನಡದಲ್ಲಿ ವಿಚಾರಿಸಿಕೊಳ್ಳುತ್ತಿದ್ದರು. ಮುಚ್ಚಿದ ಗಾಜಿನೊಳಗಿನ ಡ್ರೈವರ್ ಏನು ಮಾಡಬೇಕು? ಯಾರೋ ಸಜ್ಜನ ಕೃತಜ್ಞತೆಯಿಂದ ಕೈ ಬೀಸುತ್ತಿದ್ದಾನೆಂದು ತಿಳಿದು, ನಗುತ್ತ ತಾನೂ ಕೈ ಬೀಸಿ ಹೋಗುತ್ತಿದ್ದ!

ನಾನು ಕಾರಿನಲ್ಲಿ ಗಂಟೆಯ ದೂರದ ಮಿಸಿಸಾಗದಲ್ಲಿರುವವಳು. ಒಂದು ಶನಿವಾರ ಆಫೀಸಿನ ಗೆಳತಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಕಾಕಾನ ಮನೆಗೆ ಕರೆದೊಯ್ದೆ. ಇಳಿಯಬೇಕು, ಕಾಕಾ ಎರಡೂ ಕೈ ಚಾಚಿ ಅಡ್ಡ ನಿಂತರು.

"ಯಾರೂ ಇಳೀಬ್ಯಾಡ್ರಿ! ಈಗ ಉಪ್ಪು ಹಾಕೇನಿ. ಐಸು ಇನ್ನೂ ಕರಗಿಲ್ಲ. ಗಾಡ್ಯಾಗ ಕುಂಡ್ರಿ!"

ಕುಳಿತೆವು. ಐಸಿಗೇನು ಅವಸರ? ಕೊನೆಗೆ ಕಾಕು ತಡೆಯಲಾಗದೆ ಮಂಡಕ್ಕಿ ಗಿರಮಿಟ್ಟಿನ ತಟ್ಟೆಗಳನ್ನು ಕಾರಿನ ಕಿಟಕಿಯಿಂದಲೇ ಒಳಗೆ ಕೊಟ್ಟರು. "ತಿನ್ರವಾ. ನಿಮ್ಮ ಕಾಕಾನ ಉಪ್ಪು ಕರಗೂದ್ರಾಗ ಇದು ಮೆತ್ತಗಾಗ್ತದ." ಕಾಕಾನ ಮನೆ ಬಾಗಿಲಲ್ಲೂ ಡ್ರೈವ್-ಥ್ರೂ ಇದೆ ಎಂದು ಗೆಳತಿಯರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಇವೆಲ್ಲ ನಗುವ ದಿನಗಳು. ಆಮೇಲೆ ಆ ಚಪ್ಪಡಿ ಎದ್ದಿತು.

ಮನೆ ಮುಂದೆ ಸಿಟಿಯವರದೇ ಒಂದು ಮೇಪಲ್ ಮರ. ಅದರ ಬೇರು ಫುಟ್‌ಪಾತಿನ ಒಂದು ಕಾಂಕ್ರೀಟು ಚಪ್ಪಡಿಯನ್ನು ಕೆಳಗಿನಿಂದ ಎತ್ತಿ, ಎಡವಿದರೆ ಹಲ್ಲು ಹೋಗುವ ಹಾಗೆ ಮೆಟ್ಟಿಲು ಮಾಡಿತ್ತು. ಕಾಕಾ ಸಿಟಿಗೆ ಫೋನು ಮಾಡಿದರು. ಫೋನಿನಲ್ಲಿ ಸಂಗೀತ. ಮತ್ತೆ ಮಾಡಿದರು, ಮತ್ತೆ ಸಂಗೀತ. "ನಿಮ್ಮ ಕಾಕಾ ದೇವರ ಪೂಜಿ ಮಾಡುವಾಗೂ ಅದ ರಾಗ ಗುನುಗ್ತಾರ" ಎಂದು ಕಾಕು ದೂರಿದರು.

ಕಡೆಗೊಬ್ಬ ಬಂದ. ಚಪ್ಪಡಿಯ ಅಂಚಿಗೆ ಡಬ್ಬಿಯಿಂದ ಕಿತ್ತಳೆ ಬಣ್ಣ ಊದಿ ಹೋದ. ಕಾಕಾನ ಸಂಭ್ರಮ ನೋಡಬೇಕಿತ್ತು! "ಗುರ್ತು ಹಾಕ್ಯಾರವಾ. ಇನ್ನೇನು, ಬಂದ್ರು ತಿಳಿ." ಯಾರೂ ಬರಲಿಲ್ಲ. ಒಂದು ಚಳಿಗಾಲ ಕಳೆದು ಬಣ್ಣ ಮಾಸಿತು. ಕಾಕಾ ಮತ್ತೆ ಫೋನು ಹಿಡಿದರು. ಇನ್ನೊಬ್ಬ ಬಂದು ಮಾಸಿದ ಬಣ್ಣದ ಮೇಲೆ ಹೊಸ ಬಣ್ಣ ಊದಿ ಹೋದ. ರಿಪೇರಿ ಆದದ್ದು ಬಣ್ಣ!

ಕಾಕಾ ತಾವೇ ಸಿಮೆಂಟು ತಂದು, ಮಂಡಿಯೂರಿ ಕುಳಿತು, ಎತ್ತರ-ತಗ್ಗಿನ ನಡುವೆ ಚೆಂದಗೆ ಇಳಿಜಾರು ಕಟ್ಟಿದರು. ಅಷ್ಟು ದಿನ ಬಾರದಿದ್ದ ಸಿಟಿ ಈಗ ತಕ್ಷಣ ಬಂತು. "ಸರ್, ಇದು ಸಿಟಿ ಪ್ರಾಪರ್ಟಿ. ನೀವು ಮುಟ್ಟುವ ಹಾಗಿಲ್ಲ" ಎಂದು ಬಂದವನು ವಿನಯದಿಂದಲೇ ಹೇಳಿದ. ತಾವು ಕಟ್ಟಿದ್ದನ್ನು ತಾವೇ ಉಳಿಯಿಂದ ಒಡೆದು ತೆಗೆಯಬೇಕಾಯಿತು. "ಸ್ನೋ ಬಿದ್ದಾಗ ನಂದು, ಒಡದಾಗ ಅವರದು" ಎಂದರು ಕಾಕಾ. ಹಳೆಯ ಮಾತೇ, ಆದರೆ ಈ ಸಲ ಅದರಲ್ಲಿ ಜಗಳ ಇರಲಿಲ್ಲ. ಸೋತ ದನಿ ಇತ್ತು.

ಅಂದಿನಿಂದ ಗ್ಯಾರೇಜಿನ ಬಾಗಿಲು ತೆರೆದು, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಆ ಚಪ್ಪಡಿಯನ್ನು ಕಾಯತೊಡಗಿದರು. ಯಾರಾದರೂ ಹತ್ತಿರ ಬಂದರೆ ಧಡಕ್ಕನೆ ಎದ್ದು "ಕೇರ್‌ಫುಲ್! ಕೇರ್‌ಫುಲ್!" ಎಂದು ಓಡಿ ಹೋಗುತ್ತಿದ್ದರು. ಮಂಕಿ ಕ್ಯಾಪು ಹಾಕಿದ, ಬಿಳಿಮೀಸೆಯ ಮನುಷ್ಯ ಹಾಗೆ ಓಡಿ ಬಂದರೆ ಯಾರಿಗೆ ತಾನೇ ಎದೆ ಒಡೆಯದು? ಜನ ಚಪ್ಪಡಿಗಲ್ಲ, ಕಾಕಾನಿಗೆ ಹೆದರಿ ರಸ್ತೆ ದಾಟಿ ಆಚೆಗೆ ನಡೆಯತೊಡಗಿದರು.

"ಹಿಂಗರ ಬೀಳೂದಿಲ್ಲಲ್ಲ?" ಎಂದರು ಕಾಕಾ, ಸಮಾಧಾನದಿಂದ.

ಬಿದ್ದದ್ದು ಕಾಕು.

ಹೋದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ. ನಾನು ಅಲ್ಲಿಯೇ ಇದ್ದೆ. ಕಾಕಾ ಮಗ್ಗುಲಿನ ಫುಟ್‌ಪಾತಿನಲ್ಲಿ ಹಿಮ ತೆಗೆಯುತ್ತಿದ್ದರು. ಮುಂದಿನದು ಇನ್ನೂ ಬಾಕಿ ಇತ್ತು. "ಉಪ್ಪಿಟ್ಟು ಆರ್ತದ, ಕರಕೊಂಡು ಬರ್ತೇನಿ" ಎಂದು ಕಾಕು ಹೊರಗೆ ಹೋದರು. ಒಂದು ಕೂಗು ಕೇಳಿತು. ಹಿಮದಡಿ ಮುಚ್ಚಿಹೋಗಿದ್ದ ಆ ಚಪ್ಪಡಿಗೆ ಎಡವಿ ಕಾಕು ಬಿದ್ದಿದ್ದರು; ನಾನು ಓಡಿ ಹೋಗುವಷ್ಟರಲ್ಲಿ ಕಾಕಾ ಅಲ್ಲಿದ್ದರು. ಜಾಕೆಟ್ಟು ಬಿಚ್ಚಿ ಕಾಕುವಿನ ತಲೆಯ ಕೆಳಗಿಟ್ಟು, ತಾವು ಬರೀ ಸ್ವೆಟರಿನಲ್ಲಿ ಆ ಐಸಿನ ಮೇಲೆ ಕುಳಿತಿದ್ದರು. ಕಾಕು ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ ನನ್ನತ್ತ ನೋಡಿ, "ಚಹಾ ಒಲಿಮ್ಯಾಲ ಅದ, ಒಲಿ ಆರಸವಾ" ಎಂದರು.

ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯ ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದಳು, "ಎಲ್ಲಿ ಬಿದ್ದರು?"

"ಸೈಡ್‌ವಾಕ್" ಎಂದೆ.

"ನಿಮ್ಮ ಪ್ರಾಪರ್ಟಿಯಲ್ಲೋ, ಸಿಟಿ ಪ್ರಾಪರ್ಟಿಯಲ್ಲೋ?"

ಈ ಒಂದು ಪ್ರಶ್ನೆಗೆ ಗಂಟೆಗಟ್ಟಲೆ ಉತ್ತರ ಹೇಳಬಲ್ಲ ಮನುಷ್ಯ ಇಡೀ ಒಶಾವಾದಲ್ಲಿ ಇದ್ದರೆ ಅದು ನನ್ನ ಪಕ್ಕದಲ್ಲಿ ನಿಂತಿದ್ದವರು. ನಾನು ಅವರ ಮುಖ ನೋಡಿದೆ. ಕಾಕಾ ಕೌಂಟರಿನತ್ತ ಬಾಗಿದರು. "ಮೈ ವೈಫ್..." ಎಂದರು. "ಮೈ ವೈಫ್ ಫೆಲ್." ಅಷ್ಟೇ. ಆ ಹುಡುಗಿ ಟೈಪು ಮಾಡುವುದನ್ನು ನಿಲ್ಲಿಸಿ, ಒಂದು ಕುರ್ಚಿ ತೋರಿಸಿದಳು.

ಆಮೇಲೆ ಕಾಕಾ ಸಿಟಿಗೆ ಫೋನು ಮಾಡಲಿಲ್ಲ. ಗಾಡಿಯವನನ್ನು ಬೈಯಲಿಲ್ಲ. ವಾರಾಂತ್ಯಕ್ಕೆ ಹೋಗಿ ನಾನು ಹಿಮ ತೆಗೆಯುತ್ತಿದ್ದೆ. ನಾನು ತೆಗೆಯುವುದೆಂದರೆ ಬೆಕ್ಕು ಕೆರೆದ ಹಾಗೆ. ಒಮ್ಮೆಯಾದರೂ ಬೈದಾರು ಎಂದು ಬೇಕೆಂದೇ ಅಂಚು ಬಿಟ್ಟೆ. ಕಿಟಕಿಯಲ್ಲಿ ನಿಂತು ನೋಡಿದರು, ಒಳಗೆ ಹೋದರು. ಚಪ್ಪಡಿ ಹಾಗೆಯೇ ಇತ್ತು. ಈಗಲೂ ಹಾಗೆಯೇ ಇದೆ.

ವಸಂತದಲ್ಲಿ ಕಾಕು ವಾಕರ್ ಹಿಡಿದು ಮನೆಯೊಳಗೆ ಓಡಾಡತೊಡಗಿದರು. ಹೊರಗೂ ನಡೆಯಬೇಕೆಂದು ಫಿಸಿಯೋಥೆರಪಿಸ್ಟ್ ಹೇಳಿದ್ದಳು. ಕಾಕು ಒಪ್ಪಲಿಲ್ಲ. ಹೊಸ್ತಿಲವರೆಗೆ ಬಂದು ವಾಕರ್ ತಿರುಗಿಸಿ ಒಳಗೆ ಹೋಗುತ್ತಿದ್ದರು.

ಕಾಕಾ ಬೀದಿಯಲ್ಲಿ ಯಾವಾಗಲೂ ಕಾಕುವಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುವವರು, ತಿರುಗಿಯೂ ನೋಡದೆ. ನಮ್ಮ ಮನೆತನದ ಗಂಡಸರೆಲ್ಲ ಹಾಗೆಯೇ. ಕಳೆದ ವಾರ ನಾನು ಕಾರು ನಿಲ್ಲಿಸಿ ಇಳಿಯುವಾಗ, ಇಬ್ಬರೂ ಫುಟ್‌ಪಾತಿನ ಮೇಲಿದ್ದರು. ಕಾಕಾ ಈಗಲೂ ಮುಂದೆಯೇ ಇದ್ದರು. ಆದರೆ ಕಾಕುವಿನ ಕಡೆಗೆ ಮುಖ ಮಾಡಿ, ಎರಡೂ ಕೈ ಚಾಚಿ, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ಬರುತ್ತಿದ್ದರು.

"ಹಿಂದ ನೋಡ್ಕೋರಿ, ಬೀಳ್ತೀರಿ" ಎಂದರು ಕಾಕು.

"ಬಿದ್ರ ಬೀಳ್ತೇನಿ" ಎಂದರು ಕಾಕಾ. "ನೀ ನನ್ನ ಮಾರಿ ನೋಡ್ಕೋತ ಬಾ."