ಇಂಜಿನ್ ಸಾಹೇಬರ ರೆಕಾರ್ಡಿಂಗು

ಗೋವಾದ ಕುಡಚಡೆ ಸ್ಟೇಷನ್ನಿನ ಎದುರು ಕಿರಾಣಿ ಅಂಗಡಿ ಇಟ್ಟವನಿಗೆ ಮನರಂಜನೆಗೆಂದು ಬೇರೆ ಟಿ.ವಿ. ಬೇಕಾಗುವುದಿಲ್ಲ. ಯಾವುದಾದರೊಂದು ತಲೆತಿರುಕ ಕಥೆ ತಾನಾಗಿಯೇ ರೈಲಿನಿಂದಿಳಿದು, ರಸ್ತೆ ದಾಟಿ ನಮ್ಮ ಅಂಗಡಿಗೆ ಬರುತ್ತಲೇ ಇರುತ್ತದೆ. ನಾನು ಧಾರವಾಡದ ಕಡೆಯವನು. ತಲೆತಿರುಕರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಆದರೆ ಅವರನ್ನು ಬಿಟ್ಟು ಒಳಗೆ ಹೋಗಲು ಮನಸ್ಸಾಗುವುದಿಲ್ಲ. ಅಂಥವರಲ್ಲಿ ಮೊದಲ ಜಾಗ ನಮ್ಮ ಇಂಜಿನ್ ಸಾಹೇಬರದು.

ಸಮುದ್ರಕ್ಕೆ ಬೆನ್ನು

ಗೋವಾಕ್ಕೆ ಬರುವ ವಿದೇಶಿಯರು ಸಮುದ್ರದ ಕಡೆ ಹೋಗುತ್ತಾರೆ. ಈ ಕೆಂಪು ಮುಖದ ಹಿರಿಯರು ಮಾತ್ರ ಹೆಗಲಿಗೆ ಚೀಲ ಏರಿಸಿಕೊಂಡು, ಅದಿರಿನ ಲಾರಿಗಳ ಧೂಳು ಕುಡಿಯುವ ನಮ್ಮೂರಿಗೆ ಬಂದು ರೂಮು ಕೇಳಿದರು. ದಾರಿ ತಪ್ಪಿರಬೇಕೆಂದು ನಾನು ಬೀಚಿಗೆ ಹೋಗುವ ಬಸ್ಸು ತೋರಿಸಿದೆ. ಅವರು ಸ್ಟೇಷನ್ ತೋರಿಸಿದರು.

ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ವಿಚಾರಿಸಿದಾಗ ವಿಷಯ ತಿಳಿಯಿತು. ಹಳೆಯ ಡೀಸೆಲ್ ಇಂಜಿನ್ ಎಳೆಯುವ ರೈಲು ಜಗತ್ತಿನಲ್ಲಿ ಎಲ್ಲಿದ್ದರೂ ಹೋಗಿ ಹತ್ತುವುದು, ಅದರ ಸದ್ದನ್ನು ಮೈಕು ಹಿಡಿದು ರೆಕಾರ್ಡ್ ಮಾಡಿಕೊಳ್ಳುವುದು, ಇದೇ ಅವರ ಹವ್ಯಾಸ. ನಮ್ಮ ಘಟ್ಟದಲ್ಲಿ ಓಡುವ ಒಂದು ಮುದಿ ಇಂಜಿನ್ನಿನ ಮೇಲೆ ಅವರ ಕಣ್ಣು ಬಿದ್ದಿತ್ತು. ಘಟ್ಟದ ಬುಡದ ಕುಳೆಂನಿಂದ ನೆತ್ತಿಯ ಕ್ಯಾಸಲ್‌ರಾಕ್‌ವರೆಗೆ ಅದು ಘಟ್ಟ ಹತ್ತುವ ಸದ್ದು, ನಡುವೆ ಯಾವ ಮನುಷ್ಯನ ದನಿಯೂ ಸೇರದ ಹಾಗೆ, ಅವರಿಗೆ ಬೇಕಿತ್ತು.

ಅಂಗಡಿಯ ಮೇಲಿನ ರೂಮು ಕೊಟ್ಟೆ. ನನ್ನ ಹೆಂಡತಿಗೆ ಮಾತ್ರ ಸಮಾಧಾನವಾಗಲಿಲ್ಲ.

"ಬರೇ ಗಾಡ್ಯಾಗ ಕೂಡಾಕ ಇಷ್ಟು ದೂರ ಬಂದಾರೇನ್ರಿ? ಇಳಿದ ಮ್ಯಾಲೆ ಅಲ್ಲೇನು ಕೆಲಸ?"

"ಏನಿಲ್ಲ. ಇನ್ನೊಂದು ಗಾಡಿ ಹತ್ತಿ ವಾಪಸ್ ಬರ್ತಾರಂತ."

"ಹಂಗಾದ್ರ ಮನ್ಯಾಗ ಹೇಣ್ತಿ ಜೋಡಿ ಜಗಳಾ ಆಡಿ ಬಂದಾರ. ಪಾಪ."

ಅವಳ ಮುಖ ನೋಡಿಯೇ ಸಾಹೇಬರು ಏನೋ ಊಹಿಸಿ, ಕಿಸೆಯಿಂದ ತಮ್ಮ ಹೆಂಡತಿಯ ಫೋಟೋ ತೆಗೆದು ತೋರಿಸಿದರು. ಆಕೆ ತೋಟದಲ್ಲಿ ಕುರ್ಚಿ ಹಾಕಿಕೊಂಡು ಮನಸಾರೆ ನಗುತ್ತಿದ್ದಳು. ನನ್ನ ಹೆಂಡತಿ ಆ ಫೋಟೋವನ್ನು ಬಹಳ ಹೊತ್ತು ನೋಡಿದಳು.

"ಜಗಳಾ ಏನಿಲ್ಲ ಬಿಡ್ರಿ. ಗಂಡ ಊರಾಗಿಲ್ಲಂತ ಎಷ್ಟು ಆರಾಮ ನಗಾಕತ್ತಾಳ ನೋಡ್ರಿ," ಎಂದವಳು, ನನ್ನ ಕಡೆ ತಿರುಗಿ, "ನೀವೂ ಒಮ್ಮೆ ಹಿಂಗ ಎಲ್ಲಾರ ಹೋಗಿ ಬರಬಾರದ?" ಎಂದಳು.

ಸಾಕ್ರಿ

ಮೊದಲ ರೆಕಾರ್ಡಿಂಗಿಗೆ ಹೋಗುವ ಮುನ್ನ ಸಾಹೇಬರು ನನ್ನಿಂದ ಒಂದೇ ಒಂದು ಕನ್ನಡ ಶಬ್ದ ಕಲಿತರು: "ಸಾಕ್ರಿ." ಯಾರಾದರೂ ಮಾತಿಗೆ ಬಂದರೆ ನಿಲ್ಲಿಸಲು ಬೇಕಾಗುತ್ತದೆ ಎಂದು.

ಅವರು ಹತ್ತಿದ ಡಬ್ಬಿಯಲ್ಲಿ ಗೋವಾದ ಬಂದರಿನ ಪಕ್ಕದ ಸಡಾದಿಂದ ವಿಜಯಪುರದ ಕಡೆಗೆ, ತಮ್ಮೂರಿಗೆ ಹೊರಟ ಒಂದು ದೊಡ್ಡ ಕುಟುಂಬ ಇತ್ತು. ಕುಳೆಂ ದಾಟಿತು, ಇಂಜಿನ್ನು ಏದುಸಿರು ಬಿಡತೊಡಗಿತು, ಸಾಹೇಬರು ಕಿಟಕಿಗೆ ಮೈಕು ತೂಗುಹಾಕಿದರು. ಅದೇ ಹೊತ್ತಿಗೆ ಆ ಕುಟುಂಬದ ಅಜ್ಜಿ ರೊಟ್ಟಿಯ ಗಂಟು ಬಿಚ್ಚಿದಳು. ಎದುರಿಗೆ ಕೂತವನನ್ನು ಬಿಟ್ಟು ತಾನು ತಿನ್ನುವುದು ನಮ್ಮ ಕಡೆಯವರಿಗೆ ಆಗುವ ಮಾತೇ? ಒಂದು ರೊಟ್ಟಿ, ಮೇಲೆ ಒಂದಿಷ್ಟು ಶೇಂಗಾ ಚಟ್ನಿ ಕೊಟ್ಟಳು. ಸಾಹೇಬರು ತಿಂದು, "ಸಾಕ್ರಿ," ಎಂದರು.

ಅಲ್ಲಿಗೆ ಕೆಲಸ ಕೆಟ್ಟಿತು. ನಮ್ಮಲ್ಲಿ ಸಾಕು ಎಂದವನನ್ನು ಹಾಗೇ ಬಿಟ್ಟರೆ ಬಡಿಸಿದವರ ಮರ್ಯಾದೆ ಏನಾಗಬೇಕು?

ಮರುದಿನ ಸಾಹೇಬರು ನಮ್ಮ ಅಂಗಡಿಯಲ್ಲಿ ರೆಕಾರ್ಡಿಂಗು ಹಾಕಿದರು. "ತಗೋರಿ." "ಸಾಕ್ರಿ." "ಅಯ್ಯ, ಇಷ್ಟಕ್ಕ ಸಾಕಂದ್ರ ಹೆಂಗ್ರಿ? ಇದೊಂದು ತಗೋರಿ." "ಸಾಕ್ರಿ." "ಮಸರು ಹಾಕ್ಲೇನ್ರಿ?" ಕೊನೆಗೆ ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸುಮ್ಮನಾದಳು, ಇಂಜಿನ್ನಿನ ಸದ್ದು ಶುರುವಾಯಿತು. ಅಷ್ಟರಲ್ಲಿ ಸುರಂಗ ಬಂತು. ಸುರಂಗ ಬಂದರೆ ಡಬ್ಬಿಯವರೆಲ್ಲ ಸೇರಿ 'ಹೋ' ಎಂದು ಕೂಗಬೇಕು, ಅದು ನಮ್ಮ ಘಟ್ಟದ ಪದ್ಧತಿ. ಆ ಘಟ್ಟದಲ್ಲಿ ಸುರಂಗಗಳಿಗೇನು ಬರಗಾಲವೇ? ನಡುನಡುವೆ ಸಾಹೇಬರ ದನಿಯೂ ಕೇಳಿಸಿತು. ಅವರೂ ಕೂಗುತ್ತಿದ್ದರು.

ಆಯುಧ

ಎರಡನೆಯ ಸಲ ಸಾಹೇಬರು ಬಂದದ್ದು ನವರಾತ್ರಿಯ ಹೊತ್ತಿಗೆ. ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಮುದಿ ಇಂಜಿನ್ನು ಕುಳೆಂನಲ್ಲಿ ನಿಂತಿದೆ ಎಂದು ತಿಳಿದು ನಾನೇ ಅವರನ್ನು ಕರೆದುಕೊಂಡು ಹೋದೆ. ಇಂಜಿನ್ನಿಗೆ ಬಾಳೆಕಂದು, ಚೆಂಡುಹೂವಿನ ಮಾಲೆ, ಮುಂದೆ ಕುಂಬಳಕಾಯಿ. ಅದರ ನಂಬರಿನ ಮೇಲೆ ವಿಭೂತಿ ಪಟ್ಟೆ ಎಳೆದು, ನಡುವೆ ಅಂಗೈಯಗಲದ ಕುಂಕುಮ ಇಟ್ಟಿದ್ದರು. ಸಾಹೇಬರಿಗೆ ನಂಬರಿನ ಫೋಟೋ ಬೇಕಿತ್ತು.

"ಸ್ವಲ್ಪ ಒರಸಾಕ ಬರತದೇನ್ರಿ?" ಎಂದು ನಾನು ಡ್ರೈವರರನ್ನು ಕೇಳಿದೆ. ಅವರು ಹುಬ್ಬಳ್ಳಿಯ ಕಡೆಯವರು.

"ಪೂಜಿ ಆದ ಮ್ಯಾಲೆ ದೇವರ ಮಾರಿ ಒರಸತಾರೇನ್ರಿ?" ಎಂದರು. ಸಾಹೇಬರ ಮುಖ ಸಣ್ಣದಾದದ್ದು ನೋಡಿ ಅವರ ಮನಸ್ಸು ಕರಗಿತು. "ಅವರ ಕೈಯಾಗ ಇರೂದು ಏನ್ರಿ?"

"ಮೈಕು. ಅವರ ಕೆಲಸ ಎಲ್ಲಾ ಅದರ ಮ್ಯಾಲೇ."

"ಅಂದ್ರ ಅದು ಅವರ ಆಯುಧ ಆತಲ್ರಿ. ಇಡ್ರಿ ಇಲ್ಲೆ."

ಸಾಹೇಬರು ಭಕ್ತಿಯಿಂದ ಮೈಕನ್ನು ಮಣೆಯ ಮೇಲೆ ಇಟ್ಟರು. ಡ್ರೈವರರು ಅದಕ್ಕೆ ಅರಿಶಿನ, ಕುಂಕುಮ ಏರಿಸಿದರು, ನಿಂಬೆಹಣ್ಣು ಕಟ್ಟಿದರು, ತೆಂಗಿನಕಾಯಿ ಒಡೆದು ಅದರ ನೀರನ್ನು ಮೇಲಿಂದ ಧಾರೆ ಎರೆದರು. ಆಮೇಲೆ ಆ ಮೈಕು ಉಸಿರೆತ್ತಲಿಲ್ಲ. ಡ್ರೈವರರಿಗೆ ಹೇಳಿದರೆ ಅವರು ಕೈಮುಗಿದು, "ದೃಷ್ಟಿ ಭಾಳ ಇತ್ತು ಕಾಣತದ್ರಿ," ಎಂದರು.

ಬಾಯಿಬಂದ್

ಅದರ ಮುಂದಿನ ಸಲ ಸಾಹೇಬರು ಬಂದಾಗ ಅದೇ ಡ್ರೈವರರು ಕೆಟ್ಟ ಸುದ್ದಿ ಹೇಳಿದರು. ಮುದಿ ಇಂಜಿನ್ನಿಗೆ ಈ ಘಟ್ಟದಲ್ಲಿ ಅದೇ ಕೊನೆಯ ವಾರ. ಆಮೇಲೆ ಗುಜರಿಗೆ. ಸಾಹೇಬರು ನಮ್ಮ ಅಕ್ಕಿಚೀಲದ ಮೇಲೆ ಕೂತು ಕಣ್ಣೊರೆಸಿಕೊಂಡರು. ನನಗೆ ನಮ್ಮ ಜನರ ಮೇಲೆ ಸಿಟ್ಟು ಬಂತು.

"ನಾನ ಬರ್ತೀನ್ರಿ. ಯಾವನು ಬಾಯಿ ತಗೀತಾನ ನೋಡೂಣು," ಎಂದೆ.

ಅಂಗಡಿಯಿಂದ ಒಂದು ಡಬ್ಬಿ ಅಂಟಿನ ಉಂಡಿ ತೆಗೆದುಕೊಂಡೆ. ಕುಳೆಂ ಬಂದ ಕೂಡಲೇ ಬೋಗಿಯ ನಡುವೆ ನಿಂತು, ಅಳುವ ಕೂಸು ಒಂದನ್ನು ಬಿಟ್ಟು ಉಳಿದೆಲ್ಲರಿಗೂ ಉಂಡಿ ಹಂಚಿದೆ. ಕೂಸನ್ನು ಅದರ ತಾಯಿಯ ಜೊತೆ ಪಕ್ಕದ ಬೋಗಿಗೆ ಕಳಿಸಿದೆ. "ಕ್ಯಾಸಲ್‌ರಾಕ್ ಬರೂತನಕಾ ಒಬ್ರೂ ಪಿಟ್ ಅನ್ನಬಾರದು. ಏನ ಆದ್ರೂ ಸೈತ," ಎಂದು ಗದರಿಸಿದೆ. ಸುರಂಗ ಬಂದಾಗ ಬಾಯಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ದುರುಗುಟ್ಟಿ ನೋಡಿದೆ. ಯಾರೂ ಕೂಗಲಿಲ್ಲ. ಸಾಹೇಬರು ಕಿಟಕಿಗೆ ಹೊಸ ಮೈಕು ಕಟ್ಟಿ, ತಾವು ಬಾಗಿಲಲ್ಲಿ ನಿಂತು ಇಂಜಿನ್ನನ್ನು ಕಣ್ತುಂಬ ನೋಡುತ್ತಿದ್ದರು. ಎಲ್ಲ ಸುಸೂತ್ರ ನಡೆದದ್ದು ಕಂಡು ನಾನು ಮೈಕಿನ ಕೆಳಗಿನ ಸೀಟಿನಲ್ಲಿ ಕೂತೆ. ಘಟ್ಟದ ಗಾಳಿ ತಣ್ಣಗಿತ್ತು.

ಕ್ಯಾಸಲ್‌ರಾಕ್‌ನಲ್ಲಿ ಸಾಹೇಬರು ನನ್ನನ್ನು ಎಬ್ಬಿಸಿ ಅಪ್ಪಿಕೊಂಡರು. ಬೋಗಿಯವರು ಯಾಕೋ ನನ್ನನ್ನೇ ನೋಡುತ್ತಿದ್ದರು, ಆದರೆ ಮಾತಿನಂತೆ ಒಬ್ಬರೂ ತುಟಿ ಬಿಚ್ಚಿರಲಿಲ್ಲ.

ಮರುವರ್ಷ ಇಂಜಿನ್ ಇಲ್ಲದಿದ್ದರೂ ಸಾಹೇಬರು ಬಂದರು. ಕೇಳಲು ಒಂದೇ ಪ್ರಶ್ನೆ ಇತ್ತು. ಅವರ ದೇಶದಲ್ಲಿ ಇಂಥ ಹುಚ್ಚರದೇ ಒಂದು ಸಂಘ ಇದೆ. ಸದ್ದು ಕೇಳಿಯೇ ಇಂಜಿನ್ನಿನ ಜಾತಕ ಹೇಳುವ ಜನ. ಅವರೆಲ್ಲ ರೆಕಾರ್ಡಿಂಗು ಕೇಳಿ, ಎಳೆಯುವ ಇಂಜಿನ್ನು ಇದೇ ಎಂದು ಒಪ್ಪಿದರಂತೆ. ಆದರೆ ಹಿಂದಿನಿಂದ ತಳ್ಳುತ್ತಿರುವುದು ಯಾವುದು ಎಂದು ಜಗಳ ಶುರುವಾಗಿ, ಇಬ್ಬರು ಮಾತು ಬಿಟ್ಟಿದ್ದರಂತೆ.

"ಹಿಂದ ಇಂಜಿನ್ ಎಲ್ಲಿತ್ರಿ? ಅದಿರಿನ ಗಾಡಿಗಷ್ಟ ಹಿಂದ ಹಚ್ಚತಾರ. ನಮ್ಮದು ಗಿಡ್ಡ ಗಾಡಿ," ಎಂದೆ.

ಸಾಹೇಬರು ರೆಕಾರ್ಡಿಂಗು ಹಾಕಿದರು. ಮುದಿ ಇಂಜಿನ್ನು ಗಂಭೀರವಾಗಿ ಘಟ್ಟ ಹತ್ತತೊಡಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸದ್ದು ಸೇರಿತು: ಮೊದಲು ಸಣ್ಣಗೆ ಗರಗರ, ಆಮೇಲೆ ಭಾರ ಎಳೆಯುವ ಗೊರಗೊರ, ಆಗಾಗ ಉಸಿರು ಸಿಕ್ಕಿ ಒಂದು ಸೀಟಿ. ಈ ತರಹದ ಇಂಜಿನ್ನನ್ನು ಈಗ ಜಗತ್ತಿನಲ್ಲಿ ಎಲ್ಲಿಯೂ ತಯಾರು ಮಾಡುವುದಿಲ್ಲ ಎಂದು ಸಂಘದ ಅಧ್ಯಕ್ಷರೇ ಹೇಳಿದ್ದಾರೆ, ಅದನ್ನು ನೋಡಲು ನಾಲ್ಕು ಜನ ವಿಮಾನದ ಟಿಕೆಟ್ಟು ತೆಗೆಸಿದ್ದಾರೆ ಎಂದರು ಸಾಹೇಬರು.

ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನ ಹೆಂಡತಿ ಮೊರ ಕೆಳಗಿಟ್ಟು ಹೊರಗೆ ಬಂದಳು.

"ಬರ್ಲಿ ಬಿಡ್ರಿ, ಪಾಪ," ಎಂದಳು. "ಮಧ್ಯಾಹ್ನ ಉಂಡ ಮ್ಯಾಲೆ ತೋರಸೂಣಂತ."